ಒಂಬತ್ತು ಕೆ.ಜಿ.ಯೊಳಗಿನ ಸೈಕಲ್ಲು

ಸೈಕಲ್ಲು ಕೊಳ್ಳಲು ಹೋದ ದಿನ ಅಂಗಡಿಯವನು ನನ್ನ ಹೆಸರನ್ನಾಗಲಿ ಊರನ್ನಾಗಲಿ ಕೇಳಲಿಲ್ಲ. "ತೂಕ ಎಷ್ಟವ್ವ?" ಎಂದ. ನಾನು ಆ ಊರಿಗೆ ಬಂದು ನಾಲ್ಕೇ ದಿನವಾಗಿತ್ತು. ನಲವತ್ತಮೂರು ವರ್ಷದ ಹೆಂಗಸನ್ನು ಬೀದಿಯಲ್ಲಿ ನಿಲ್ಲಿಸಿಕೊಂಡು ಕೇಳುವ ಮಾತೇ ಇದು ಎಂದು ಸಿಟ್ಟು ಬಂತು. ಆದರೆ ಪಂಕ್ಚರ್ ಹಾಕಿಸಲು ಕಾಯುತ್ತಿದ್ದ ಇಬ್ಬರು ಗಂಡಸರು ತಲೆಯೆತ್ತಿ ಕೂಡ ನೋಡಲಿಲ್ಲ. ಅಲ್ಲಿ ತೂಕ ವಿಚಾರಿಸುವುದು ಊಟವಾಯಿತೇ ಎಂದು ವಿಚಾರಿಸಿದಷ್ಟೇ ಸಹಜ ಎಂಬುದು ಆಮೇಲೆ ತಿಳಿಯಿತು. "ಅರವತ್ತೊಂದು," ಎಂದೆ. "ಬಟ್ಟೆ ಸೇರಿಸೋ, ಬುಟ್ಟೋ?" ಎಂದು ಕೇಳಿದ.

ಊರು ದೊಡ್ಡದೊಂದು ಕೆರೆಯ ಎರಡೂ ದಡಗಳಲ್ಲಿ ಹರಡಿಕೊಂಡಿತ್ತು. ಕೈಗೆಟುಕುವ ಬಾಡಿಗೆಯ ಮನೆಗಳೆಲ್ಲ ಈಚೆ ದಡದಲ್ಲಿ, ಕೆಲಸಗಳೆಲ್ಲ ಆಚೆ ದಡದಲ್ಲಿ. ಆ ನೀರಿನಲ್ಲಿ ದೋಣಿ ನಿಲ್ಲುತ್ತಿರಲಿಲ್ಲ. ಇಳಿಸಿದ ಗಳಿಗೆಯಲ್ಲೇ ಕಲ್ಲಿನ ಹಾಗೆ ತಳ ಸೇರುತ್ತಿತ್ತು. ಸೈಕಲ್ಲು ನಿಲ್ಲುತ್ತಿತ್ತು. ಸೈಕಲ್ಲೂ ತುಳಿಯುವವರೂ ಸೇರಿ ಎಪ್ಪತ್ತು ಕೆ.ಜಿ. ಮೀರದಿದ್ದರೆ, ತುಳಿಯುವ ಕಾಲು ನಡುವೆ ಎಲ್ಲೂ ನಿಲ್ಲದಿದ್ದರೆ, ಒಬ್ಬರಿಗೂ ಇನ್ನೊಬ್ಬರಿಗೂ ನೂರು ಹೆಜ್ಜೆ ಅಂತರವಿದ್ದರೆ, ಕೆರೆ ಗಾಲಿಗಳನ್ನು ಡಾಂಬರು ರಸ್ತೆಯ ಹಾಗೆ ಹೊರುತ್ತಿತ್ತು. ಬೆಳಗಾದರೆ ಗಂಡಸರು ಹೆಂಗಸರು ಬರಿಗಾಲಲ್ಲಿ, ಚೀಲವಿಲ್ಲದೆ, ಊಟದ ಡಬ್ಬಿಯಿಲ್ಲದೆ ಮೆಟ್ಟಿಲ ಬಳಿ ಸಾಲು ನಿಲ್ಲುತ್ತಿದ್ದರು. ಹೆಂಗಸರು ಜಡೆ ಕತ್ತರಿಸಿಕೊಂಡಿದ್ದರು, ಬಳೆ ಬಿಚ್ಚಿಟ್ಟು ಬರುತ್ತಿದ್ದರು. ತಕ್ಕಡಿಯವನು ಒಬ್ಬೊಬ್ಬರನ್ನೇ ಸೈಕಲ್ ಸಮೇತ ತೂಗಿ ಬಿಡುತ್ತಿದ್ದ. ಒಂದೇ ಕಚೇರಿಗೆ ಹೋಗುವ ಗಂಡ ಹೆಂಡತಿಯೂ ಮುಕ್ಕಾಲು ಗಂಟೆ ಒಬ್ಬರ ಬೆನ್ನು ಒಬ್ಬರು ನೋಡುತ್ತ ಹೋಗಬೇಕು. ತೂಕ ಮೀರಿದವರು ಆಚೆ ದಡದಲ್ಲೇ ಬಾಡಿಗೆಗೆ ಕೋಣೆ ಹಿಡಿದು ಉಳಿಯುತ್ತಿದ್ದರು. ಕೆರೆ ಸುತ್ತಿ ಹೋಗುವ ದಾರಿಯೊಂದಿತ್ತು, ಎರಡು ಹಗಲಿನ ನಡಿಗೆ, ಆಡು ಕುರಿಗಳಿಗೇ ಕಷ್ಟವೆನಿಸುವ ಕಲ್ಲುದಾರಿ.

ನಾನು ಕನ್ನಡಕದ ಗಾಜು ಉಜ್ಜುವವಳು. ಅದುವರೆಗೆ ಅಣ್ಣನ ಮನೆಯಲ್ಲಿದ್ದೆ. ಅವನ ಮಕ್ಕಳು ದೊಡ್ಡವರಾದರು, ನನ್ನ ಕೋಣೆ ಬೇಕಾಯಿತು. ಯಾರೂ ಹೋಗು ಎನ್ನಲಿಲ್ಲ. ಅತ್ತಿಗೆ ಒಂದು ದಿನ ನನ್ನ ಮಂಚವನ್ನು ಹಜಾರಕ್ಕೆ ತಂದು ಹಾಕಿಸಿದಳು, ಅಷ್ಟೇ. ಆ ವಾರವೇ ನಾನು ಆಚೆ ದಡದ ಕನ್ನಡಕದ ಅಂಗಡಿಗೆ ಕಾಗದ ಬರೆದೆ, ಕೆಲಸ ಸಿಕ್ಕಿತು. ಸೈಕಲ್ಲಿಗೆಂದು ನನ್ನ ಬಳಿ ಇದ್ದದ್ದು ಆರು ಸಾವಿರ ರೂಪಾಯಿ.

ಅಂಗಡಿಯವನ ಹೆಸರು ಸಣ್ಣಮಾದಪ್ಪ. ತೊಂಬತ್ತೆಂಟು ಕೆ.ಜಿ.ಯ ಆಳು. ಅರವತ್ತು ದಾಟಿತ್ತು. ಹುಟ್ಟಿದಾಗಿನಿಂದ ಆಚೆ ದಡ ಕಂಡವನಲ್ಲ. "ನಿಂಗೆ ಒಂಬತ್ತು ಕೆ.ಜಿ. ಒಳಗಿಂದು ಬೇಕು. ಎಂಟೂವರೆ ಆದ್ರೆ ವಾಸಿ, ಹಬ್ಬದ ಮಾರನೇ ದಿನಾನೂ ತಕ್ಕಡೀಲಿ ಪಾಸಾಯ್ತೀಯ," ಎಂದು ಒಳಗೆ ಕರೆದುಕೊಂಡು ಹೋದ. ಗೋಡೆಗೆ ನೇತುಹಾಕಿದ್ದ ಹೊಸ ಸೈಕಲ್ಲೊಂದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದ. ಏಳು ಕೆ.ಜಿ. ಬೆಲೆ ಕೇಳಿ ನಾನು ಪಕ್ಕದ ಗೋಡೆಯತ್ತ ತಿರುಗಿದೆ. ಅಲ್ಯೂಮಿನಿಯಮ್ಮಿನ ಗೇರಿನ ಸೈಕಲ್ಲು ಒಂದಿತ್ತು, ಹೊಳೆಯುತ್ತಿತ್ತು, ಬೆಲೆಯೂ ಸ್ವಲ್ಪ ಕೆಳಗೆ. ನಾನು ಅದರ ಹ್ಯಾಂಡಲ್ ಹಿಡಿದದ್ದೇ, "ಬುಡವ್ವ ಅದ್ನ," ಎಂದ. "ಗೇರು, ವಯರು, ಸ್ಪ್ರಿಂಗು, ಎಲ್ಲಾ ಸೇರಿ ಹನ್ನೊಂದು ಕೆ.ಜಿ. ಕೆಡೋಕೆ ಹತ್ತು ಜಾಗ. ಅದ್ರ ಮೇಲೆ ಫ್ರೀವೀಲು, ತುಳೀದಿದ್ರೂ ಗಾಲಿ ಓಡ್ತದೆ. ಇಳಿಜಾರಲ್ಲಿ ಕಾಲು ಆರಾಮ ಬುಡೋ ಅಭ್ಯಾಸ ಇರೋರು ನೀರಿನ್ ಮೇಲೂ ಒಂದು ಗಳಿಗೆ ಬುಟ್ಬುಡ್ತಾರೆ. ಆಮೇಲೆ ನಾವು ಬಲೆ ತಕಂಡೋಗ್ಬೇಕು."

ಆಮೇಲೆ ಅವನು ಹಿಂದಿನ ಕೋಣೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಹೆಗಲ ಮೇಲೆ ಒಂದು ಹಳೆಯ ಸೈಕಲ್ಲಿತ್ತು. ತೆಳುವಾದ ಉಕ್ಕಿನ ಕೊಳವೆಗಳ ಚೌಕಟ್ಟು, ಬಣ್ಣ ಮಾಸಿದ ಹಸಿರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಹಿಂದೆ ಒಂದೇ ಒಂದು ಹಲ್ಲಿನ ಚಕ್ರ. ಎಂಟು ಕೆ.ಜಿ. ನಾನೂರು ಗ್ರಾಂ ಎಂದು ತೂಗಿ ತೋರಿಸಿದ. ಗಾಲಿಯನ್ನು ನೆಲದಿಂದೆತ್ತಿ ಕೈಯಲ್ಲಿ ತಿರುಗಿಸಿದ, ಪೆಡಲುಗಳೂ ಜೊತೆಗೇ ತಿರುಗಿದವು. "ಫಿಕ್ಸು ಇದು. ಗಾಲಿ ತಿರುಗೋ ಗಂಟ ಪೆಡ್ಲೂ ತಿರುಗ್ತದೆ. ನೀನು ಮರೆತ್ರೂ ಅದು ಮರೆಯಲ್ಲ. ನಿಧಾನ ಮಾಡ್ಬೇಕು ಅಂದ್ರೆ ಕಾಲಲ್ಲೇ ತಡೀಬೇಕು. ಊರಿನ್ ಇಳಿಜಾರಿಗೆ ಅಂತ ಮುಂದ್ಲ ಬ್ರೇಕ್ ಒಂದು ಮಡಗಿದೀನಿ, ಅದ್ನ ಮಾತ್ರ ಯಾರೇಳಿದ್ರೂ ತೆಗೀಬೇಡ. ನೂರು ಗ್ರಾಂ ಆಸೆಗೆ ಹಲ್ಲು ಕಳ್ಕಂಡೋರು ಅವ್ರೆ." ನನ್ನನ್ನು ಚೌಕಟ್ಟಿನ ಎರಡೂ ಕಡೆ ಕಾಲಿಟ್ಟು ನಿಲ್ಲಿಸಿ ಮೇಲಿನ ಕೊಳವೆಗೂ ನನಗೂ ನಡುವೆ ನಾಲ್ಕು ಬೆರಳು ಜಾಗವಿದೆಯೇ ಎಂದು ನೋಡಿದ. ಸೀಟನ್ನು ಒಂದು ಬೆರಳು ಏರಿಸಿದ. ಹಿಂದಿನ ಹಲ್ಲಿನ ಚಕ್ರ ಬದಲಾಯಿಸಿ ಸ್ವಲ್ಪ ದೊಡ್ಡದು ಹಾಕಿದ, ಹೊಸಬರ ಮೊಣಕಾಲಿಗೆ ಹಗುರ ಎಂದು.

ಬೆಲೆ ಕೇಳಿದೆ. ಒಂಬತ್ತು ಸಾವಿರವೆಂದ. ನನ್ನಲ್ಲಿ ಆರೇ ಇದೆ ಎಂದೆ. ಅವನು ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ಚೌಕಟ್ಟನ್ನು ಒರೆಸಿದ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದ. "ಆರೇ ಕೊಡು. ಒಂದು ಮಾತು ನಡೆಸ್ಬೇಕು ಆದ್ರೆ. ಆಚೆ ದಡದಲ್ಲಿ ಹಿಟ್ಟಿನ ಗಿರಣಿ ಅದೆ. ಅದ್ರ ಪಕ್ಕ ಒಂದು ಕೋಣೆ. ದಿನಾ ಕೆಲಸಕ್ಕೆ ಹೋಗ್ವಾಗ ಆ ಕೋಣೆ ಮುಂದ್ಲಿಂದ ಹೋಗು."

"ಹೋಗಿ ಏನು ಹೇಳಬೇಕು?"

"ಏನೂ ಹೇಳ್ಬೇಡ. ಸುಮ್ನೆ ಹಂಗೇ ಹೋಗು."

ಆ ಸೈಕಲ್ಲು ಯಾರದೆಂದು ನನಗೆ ತಿಳಿಸಿದವನು ತಕ್ಕಡಿಯವನು. "ಓ, ನಿಂಗಾಜಮ್ಮನ ಸೈಕಲ್ಲು," ಎಂದು ಅದರ ಸೀಟು ತಟ್ಟಿದ. ನಿಂಗಾಜಮ್ಮ ಸಣ್ಣಮಾದಪ್ಪನ ಹೆಂಡತಿ. ಆಚೆ ದಡದ ಔಷಧದ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಹತ್ತೊಂಬತ್ತು ವರ್ಷ ಇದೇ ಸೈಕಲ್ಲಿನಲ್ಲಿ ಹೋಗಿ ಬಂದವಳು. ನಾಲ್ಕು ವರ್ಷದ ಕೆಳಗೆ ಅವಳ ಮೈಯಲ್ಲಿ ನೀರು ತುಂಬಿಕೊಂಡಿತು. ಕೈಕಾಲು ಊದಿದವು. ಒಂದು ಸಂಜೆ ಆಚೆ ದಡದ ತಕ್ಕಡಿ ಅವಳನ್ನು ಬಿಡಲಿಲ್ಲ. ವಾರ ಕಳೆದರೆ ಇಳಿಯುತ್ತದೆ ಎಂದುಕೊಂಡು ಅಲ್ಲೇ ಗಿರಣಿಯ ಪಕ್ಕ ಕೋಣೆ ಹಿಡಿದಳು. ತೆಳ್ಳಗಿನ ಯಾರೋ ಒಬ್ಬರು ಸೈಕಲ್ಲನ್ನು ತುಳಿದು ತಂದು ಗಂಡನಿಗೆ ಒಪ್ಪಿಸಿದರು. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಅವನು ಬರಲಿ ಎಂದು ಅವಳು, ಅವಳು ಬರಲಿ ಎಂದು ಅವನು. ಅವನಿಗೆ ಮೊಣಕಾಲು ನೋವು, ಅವಳಿಗೆ ಕಾಲೂತ, ನಡುವೆ ಎರಡು ಹಗಲಿನ ಕಲ್ಲುದಾರಿ. ಮೊದಲಿಗೆ ನಿಜವಾದ ಅಡ್ಡಿ ಅದೇ ಆಗಿತ್ತು. ಆಮೇಲೆ ಇಬ್ಬರಿಗೂ ಕೋಪ ಬಂತು, ಕೋಪ ಇಳಿಯುವ ಹೊತ್ತಿಗೆ ನಾಚಿಕೆ ಕೂತಿತ್ತು.

ಮೊದಲ ದಿನ ನೀರಿಗಿಳಿದಾಗ ನಾನು ಕಣ್ಣು ಮುಚ್ಚಿದ್ದೆ. ಸಣ್ಣಮಾದಪ್ಪ ದಡದುದ್ದಕ್ಕೂ ಕುಂಟುತ್ತ, "ಕೆಳಗೆ ನೋಡ್ಬೇಡ, ತುಳಿ, ತುಳಿ," ಎಂದು ಕೂಗುತ್ತಿದ್ದ. ಗಾಲಿಯ ಕೆಳಗೆ ನೀರು ಒಂದು ಬಟ್ಟೆಯ ಹಾಗೆ ಬಗ್ಗಿ ಮತ್ತೆ ಬಿಗಿಯಾಯಿತು. ನೂರು ಗಜ ಹೋದ ಮೇಲೆ ಅವನ ಕೂಗು ನಿಂತಿತು. ಆಮೇಲೆ ಚೈನಿನ ಸದ್ದು ಮಾತ್ರ. ಫಿಕ್ಸ್ ಸೈಕಲ್ಲಿನಲ್ಲಿ ಫ್ರೀವೀಲಿನ ಟಿಕ್‌ಟಿಕ್ ಇರುವುದಿಲ್ಲ. ಮುಂದೆ ದೂರದಲ್ಲೊಂದು ಬೆನ್ನು, ಹಿಂದೆ ದೂರದಲ್ಲೊಬ್ಬರು, ಅವರ ಮುಖ ನೋಡಲು ತಿರುಗಿದರೆ ಸೈಕಲ್ಲು ವಾಲುತ್ತದೆ. ನಾನು ಜೀವನದಲ್ಲಿ ಒಂಟಿಯಾಗಿದ್ದದ್ದು ಹೊಸತಲ್ಲ. ಆದರೆ ಅಷ್ಟೊಂದು ಜನರ ನಡುವೆ, ಎಲ್ಲರೂ ಒಂದೇ ಕಡೆಗೆ ಹೋಗುತ್ತಿರುವಾಗ, ಒಬ್ಬರ ಮಾತೂ ಕಿವಿಗೆ ಬೀಳದೆ ಮುಕ್ಕಾಲು ಗಂಟೆ ತುಳಿಯುವುದು ಹೊಸದಾಗಿತ್ತು. ಅಂಗಡಿಯಲ್ಲೂ ಗಾಜು ಉಜ್ಜುವ ಯಂತ್ರದ ಗದ್ದಲ, ಮಾತಿಗೆ ಎಡೆಯಿಲ್ಲ. ಸಂಜೆ ಕೋಣೆಗೆ ಬಂದರೆ ಗೋಡೆ.

ಹೇಳಿದ ಮಾತಿನಂತೆ ಗಿರಣಿಯ ಪಕ್ಕದಿಂದಲೇ ಹೋಗುತ್ತಿದ್ದೆ. ಮೊದಲ ದಿನಗಳಲ್ಲಿ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಕೂತು ಅವರೆಕಾಯಿ ಬಿಡಿಸುತ್ತಲೋ ತಲೆ ಬಾಚುತ್ತಲೋ ಇರುತ್ತಿದ್ದಳು. ನನ್ನನ್ನಲ್ಲ, ಸೈಕಲ್ಲನ್ನು ನೋಡುತ್ತಿದ್ದಳು. ಸಂಜೆ ನಾನು ಮರಳಿದರೆ ಸಣ್ಣಮಾದಪ್ಪ ಮೆಟ್ಟಿಲ ಮೇಲೆ ನಿಂತಿರುತ್ತಿದ್ದ. ಗಾಲಿ ಮುಟ್ಟಿ, ಚೈನು ಎಳೆದು ನೋಡಿ, ತಲೆಯೆತ್ತದೆ, "ಬಾಗ್ಲು ತೆಗೆದಿತ್ತಾ?" ಎಂದು ಕೇಳುತ್ತಿದ್ದ. ತೆಗೆದಿತ್ತು ಎಂದರೆ ಅಷ್ಟೇ ಸಾಕು, ಹೊರಟುಬಿಡುತ್ತಿದ್ದ.

ಮೂರನೆಯ ವಾರ ಅವಳು ಎದ್ದು ನಿಂತು ಕೈ ಅಡ್ಡ ಹಾಕಿದಳು. "ಚೈನು ಸಡ್ಲ ಆಗದೆ. ಇದ್ರಲ್ಲಿ ಚೈನು ಬಿಚ್ಕಂಡ್ರೆ ನಡುನೀರಲ್ಲಿ ಗತಿ ಏನು? ಹೇಳು ಆ ಮನುಷ್ಯನ್ಗೆ." ನಾನು ಸಂಜೆ ಹೇಳಿದೆ. ಸಣ್ಣಮಾದಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತು ಹಿಂದಿನ ಗಾಲಿ ಸಡಿಲಿಸಿ, ಹಿಂದಕ್ಕೆ ಎಳೆದು ಬಿಗಿ ಮಾಡಿದ. "ಅವಳ ಕಣ್ಣು ಇನ್ನೂ ಚೆನ್ನಾಗದೆ," ಎಂದ. ಮರುದಿನ ನಾನು ಅದನ್ನು ಅವಳಿಗೆ ಮುಟ್ಟಿಸಿದೆ. ಹೀಗೆ ಶುರುವಾಯಿತು. ಹಿಂದಿನ ಗಾಲಿ ಒಂಚೂರು ಓರೆ ಎಂದು ಅವಳು. ಕಡ್ಡಿ ಬಿಗಿ ಮಾಡಿದೀನಿ, ಈಗ ನೋಡು ಅನ್ನು ಎಂದು ಅವನು. ಸೈಕಲ್ಲಿನ ವಿಷಯ ಬಿಟ್ಟು ಇಬ್ಬರೂ ಒಂದು ಮಾತು ಆಡಲಿಲ್ಲ. ಎಂಟು ತಿಂಗಳು ನಾನು ಆ ಮಾತುಗಳನ್ನು ಹೊತ್ತೆ. ಅವಕ್ಕೆ ತೂಕವಿರಲಿಲ್ಲ. ಸಂಜೆ ದಡ ಹತ್ತಿರವಾಗುವಾಗ ಮೆಟ್ಟಿಲ ಮೇಲಿನ ಆ ದಪ್ಪ ಆಕಾರ ಕಾಣುತ್ತಿದ್ದಂತೆ ನನ್ನ ಕಾಲು ತಾನಾಗಿ ಬೇಗ ತುಳಿಯುತ್ತಿತ್ತು. ಅವನು ಕಾಯುತ್ತಿರುವುದು ನನಗಲ್ಲವೆಂದು ಗೊತ್ತಿತ್ತು. ಆದರೂ ದಡದಲ್ಲಿ ಒಬ್ಬರು ನಿಂತಿದ್ದಾರೆ ಎನ್ನುವುದು ದೊಡ್ಡದು. ಅಣ್ಣನ ಮನೆಯಲ್ಲಿ ನಾನು ತಡವಾಗಿ ಬಂದರೆ ಬಾಗಿಲ ಚಿಲಕ ಹಾಕಿರುತ್ತಿರಲಿಲ್ಲ, ಯಾರೂ ಎದ್ದೂ ಇರುತ್ತಿರಲಿಲ್ಲ.

ಬೇಸಗೆಯ ಮೊದಲಲ್ಲಿ ನಿಂಗಾಜಮ್ಮನ ಮೈ ಇಳಿಯತೊಡಗಿತು. ಮುಖದ ಊತ ಹೋಯಿತು, ಕೊರಳ ಎಲುಬು ಎದ್ದು ಕಂಡವು. ಆಮೇಲೆ ಎರಡು ದಿನ ಬಾಗಿಲು ತೆಗೆದಿರಲಿಲ್ಲ. ತಟ್ಟಿದೆ. ಒಳಗಿನಿಂದ, "ಮಲಗಿವ್ನಿ, ಹೋಗು. ಅವನ್ಗೆ ಏನೂ ಹೇಳ್ಬೇಡ," ಎಂದಳು. ಧ್ವನಿ ತೀರಾ ಸಣ್ಣಗಿತ್ತು. ಮೊದಲ ಸಂಜೆ ನಾನು ಬಾಗಿಲು ತೆಗೆದಿತ್ತು ಎಂದು ಸುಳ್ಳು ಹೇಳಿದೆ. ಎರಡನೆಯ ಸಂಜೆ, ಗುರುವಾರ, ಸುಳ್ಳು ಬಾಯಿಗೆ ಬರಲಿಲ್ಲ. "ಮುಚ್ಚಿತ್ತು. ನಿನ್ನೆಯೂ ಮುಚ್ಚಿತ್ತು. ತುಂಬಾ ಇಳಿದುಹೋಗಿದ್ದಾರೆ, ನೋಡುವ ಹಾಗಿಲ್ಲ," ಎಂದೆ. ಸಣ್ಣಮಾದಪ್ಪ ಚೈನಿನ ಮೇಲಿಟ್ಟಿದ್ದ ಬೆರಳನ್ನು ತೆಗೆಯಲಿಲ್ಲ. ಆಮೇಲೆ ಎದ್ದು, "ಗಾಳಿ ಕಮ್ಮಿ ಅದೆ, ಹಾಕ್ಕೋ," ಎಂದು ಹೇಳಿ ಹೊರಟುಹೋದ.

ಶುಕ್ರವಾರ ಬೆಳಿಗ್ಗೆ ಹೋದರೆ ಗಿರಣಿಯ ಕೋಣೆಯ ಬಾಗಿಲು ತೆರೆದಿತ್ತು. ನಿಂಗಾಜಮ್ಮ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು, ಹೊಸ್ತಿಲ ಮೇಲೆ ಕೂತಿದ್ದಳು. ಬೆದರಿದ ನನ್ನ ಮುಖ ನೋಡಿ ನಕ್ಕಳು. "ಸಾಯ್ತಾ ಇಲ್ಲ ಕಣೇ. ಮೂರು ತಿಂಗ್ಳಿಂದ ಹೊಸ ಮಾತ್ರೆ, ಒಪ್ಪೊತ್ತೂಟ. ಕಡೇ ಎರಡು ದಿನ ಗಂಜಿನೀರು ಮಾತ್ರ. ಗಿರಣಿ ತಕ್ಕಡೀಲಿ ತೂಗ್ಕಂಡು ಬಂದೆ, ಅರವತ್ತೂವರೆ. ಸಾಯಂಕಾಲ ಸೈಕಲ್ ಕೊಡ್ತೀಯಾ? ನಾಳೆ ಯಾರ ಕೈಲಾದ್ರೂ ಕಳಿಸ್ತೀನಿ." ಎಂಟು ತಿಂಗಳಲ್ಲಿ ಅವಳು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ನನಗೆ ಗುರುವಾರದ ಮಾತು ನೆನಪಾಯಿತು, ಹೇಳಿಬಿಟ್ಟಿದ್ದೇನೆ ಎನ್ನಲು ಬಾಯಿ ತೆರೆದೆ. ಅವಳ ಮುಖದಲ್ಲಿದ್ದ ಹಿಗ್ಗು ನೋಡಿ, ಸಂಜೆ ತಂದುಕೊಡುತ್ತೇನೆ ಎಂದಷ್ಟೇ ಹೇಳಿದೆ. ಇವತ್ತೇ ಹೋಗಿ ಅವನ ಎದುರೇ ನಿಲ್ಲುತ್ತಾಳಲ್ಲ, ಹೇಳಿದರೇನು ಬಿಟ್ಟರೇನು ಎಂದುಕೊಂಡೆ.

ಸಂಜೆ ದಡಕ್ಕೆ ಅವಳ ಜೊತೆ ನಡೆದೆ. ತಕ್ಕಡಿ ಅರವತ್ತೆಂಟು ಮುಕ್ಕಾಲು ತೋರಿಸಿತು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಹತ್ತಿದಳು. ನಾಲ್ಕು ವರ್ಷ ಬಿಟ್ಟಿದ್ದವಳು ಎನ್ನುವ ಹಾಗೇ ಇರಲಿಲ್ಲ. ಅವಳು ಚುಕ್ಕೆಯಾಗುವ ತನಕ ನಿಂತಿದ್ದೆ. ಆ ರಾತ್ರಿ ಅವಳ ಕೋಣೆಯಲ್ಲೇ ಮಲಗಿದೆ. ಈಚೆ ದಡದಲ್ಲಿ ಈಗ ಬಾಗಿಲು ತಟ್ಟಿರುತ್ತಾಳೆ, ಅವನು ತೆಗೆದಿರುತ್ತಾನೆ ಎಂದು ಮನಸ್ಸಿನಲ್ಲೇ ಕಟ್ಟಿಕೊಂಡು ಖುಷಿಪಟ್ಟೆ. ನನ್ನ ಕೋಣೆಗೆ ನಾನು ಮರಳಿಲ್ಲ ಎಂಬುದು ಅಲ್ಲಿ ಯಾರ ಗಮನಕ್ಕೂ ಬಂದಿರುವುದಿಲ್ಲ ಎಂದೂ ಅನ್ನಿಸಿತು.

ಶನಿವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದಾಗ ಸೈಕಲ್ಲು ಬಂತು. ತುಳಿದುಕೊಂಡು ಬಂದವಳು ನಿಂಗಾಜಮ್ಮನೇ. ಇಳಿದವಳು ಗೋಡೆ ಹಿಡಿದು ನಿಂತಳು. ಅಂಗಡಿಗೂ ಮನೆಗೂ ಬೀಗ ಹಾಕಿತ್ತಂತೆ. ಶುಕ್ರವಾರ ಕೋಳಿ ಕೂಗುವ ಮೊದಲೇ ಸಣ್ಣಮಾದಪ್ಪ ಕೋಲು ಹಿಡಿದು ಕಲ್ಲುದಾರಿಗೆ ಹೊರಟನೆಂದು ಎದುರು ಮನೆಯವರು ಹೇಳಿ, ರಾತ್ರಿ ಮಲಗಲು ಜಾಗ ಕೊಟ್ಟರಂತೆ. "ನೀನು ಹೇಳ್ದೆ ಅಲ್ವಾ?" ಎಂದಳು. ಹೌದು ಎಂದೆ. ಬೈಯುತ್ತಾಳೆ ಎಂದುಕೊಂಡೆ. "ಆ ಕಾಲು ಇಟ್ಕಂಡು ನಡೀತಾವ್ನೆ. ನಾನು ಅಲ್ಲಿ, ಅವ್ನು ಇಲ್ಲಿ ಆದ್ರೆ ಮತ್ತೆ ನಾಕು ವರ್ಷ ಆಯ್ತದೆ. ಅದ್ಕೇ ಬೆಳಕು ಹರಿದದ್ದೇ ವಾಪಸ್ ಬಂದೆ," ಎಂದು ಹೇಳಿ, ಅಕ್ಕಿ ತೊಳೆಯಲು ಕೂತಳು.

ಆ ದಿನ ನಾನು ಎರಡು ಗಾಜು ಒಡೆದೆ. ಅಂಗಡಿ ಮುಚ್ಚಿದ ಕೂಡಲೆ ಗಿರಣಿಯತ್ತ ಓಡಿದೆ. ನಾನು ತಲುಪುವುದಕ್ಕೂ ಬೀದಿಯ ಆ ತುದಿಯಲ್ಲಿ ಸಣ್ಣಮಾದಪ್ಪ ಕಾಣಿಸುವುದಕ್ಕೂ ಸರಿಹೋಯಿತು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ, ಪಂಚೆ ಮೊಣಕಾಲಿನ ಬಳಿ ಹರಿದಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ನಿಂಗಾಜಮ್ಮ ಹೊಸ್ತಿಲಲ್ಲಿ ನಿಂತವಳು ಎದುರು ಹೋಗಲಿಲ್ಲ, ಕದಲಲೂ ಇಲ್ಲ. ಅವನು ಬಂದು ಜಗಲಿಯ ಮೇಲೆ ಕೂತು, ಉಸಿರು ತಿರುಗಿದ ಮೇಲೆ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ನೋಡಿದ.

"ತುಳಿದ್ಯಾ?"

"ಹೂಂ. ಹೋಗಿ ಬಂದೆ."

"ಚೈನು ಸರಿಯಾಗಿತ್ತಾ?"

"ಚೈನು ಸರಿಯಾಗಿತ್ತು. ಸೀಟು ಎತ್ರ ಮಾಡ್ಬುಟ್ಟಿದ್ದೀಯ, ಕಾಲೆಟುಕ್ತಿರ್ಲಿಲ್ಲ," ಎಂದಳು. ಎಂದವಳೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವನು, "ಆಯ್ತು, ಆಯ್ತು ಬಿಡು," ಎನ್ನುತ್ತ ಅವಳ ಮಣಿಕಟ್ಟನ್ನು ಹಿಡಿದು, ಎಷ್ಟು ಸಣ್ಣಗಾಗಿದೆ ಎಂದು ಬೆರಳಿಂದ ಅಳೆದ.

ಆಮೇಲೆ ಅವಳು ಬಿಸಿನೀರು ತಂದು ಅವನ ಕಾಲಿನ ಬಟ್ಟೆ ಬಿಚ್ಚಿದಳು. ಆ ಕಾಲಿನಲ್ಲಿ ಅವನು ಮರಳಿ ನಡೆಯುವ ಪ್ರಶ್ನೆಯೇ ಇರಲಿಲ್ಲ. "ಇಲ್ಲೇ ಇದ್ಬುಡಾದು," ಎಂದ. "ಗಿರಣಿ ಬೆಲ್ಟ್ ಕೆಲಸ ನಂಗೆ ಬರಲ್ವಾ?" ಎಂದ. "ಬರ್ದೆ ಏನು," ಎಂದಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತಿದ್ದೆ. ಯಾರಾದರೂ ಕೂತ್ಕೋ ಎನ್ನುತ್ತಾರೆ ಎಂದು ಸ್ವಲ್ಪ ಹೊತ್ತು ಕಾದೆ. ಅವರದು ತಪ್ಪಲ್ಲ. ನಾಲ್ಕು ವರ್ಷದ ಮಾತು ಇಬ್ಬರ ಬಾಯಲ್ಲೂ ಕಟ್ಟಿಕೊಂಡಿತ್ತು, ನಾನಿರುವುದು ಮರೆತೇಹೋಗಿತ್ತು. ಬರ್ತೀನಿ ಎಂದೆ. ನಿಂಗಾಜಮ್ಮ ತಲೆಯಾಡಿಸಿದಳೋ ಇಲ್ಲವೋ, ನೆನಪಿಲ್ಲ.

ತಕ್ಕಡಿ ದಾಟಿ ನೀರಿಗಿಳಿದಾಗ ಸೂರ್ಯ ಇನ್ನೂ ಇದ್ದ. ಸೀಟನ್ನು ಅವಳು ತಗ್ಗಿಸಿದ್ದಳು, ಮತ್ತೆ ಏರಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮೊಣಕಾಲು ಪೂರ್ತಿ ಚಾಚಲಾಗದೆ ತುಳಿಯುತ್ತ ಹೊರಟೆ. ಕಾಲುಭಾಗ ದಾಟುವ ಹೊತ್ತಿಗೆ, ಈಚೆ ದಡದ ಮೆಟ್ಟಿಲ ಮೇಲೆ ಇವತ್ತು ಯಾರೂ ಇರುವುದಿಲ್ಲ ಎಂಬುದು ಪೂರ್ತಿಯಾಗಿ ತಿಳಿಯಿತು. ಇವತ್ತಷ್ಟೇ ಅಲ್ಲ, ನಾಳೆಯೂ. ಇಬ್ಬರನ್ನು ಸೇರಿಸಿದ ಸಂತೋಷ ಎಲ್ಲಿಯಾದರೂ ಇದೆಯೇ ಎಂದು ಹುಡುಕಿದೆ. ಇತ್ತು, ಆದರೆ ಅದು ಅವರ ಜಗಲಿಯಲ್ಲೇ ಉಳಿದಿತ್ತು. ಗಟ್ಟಿಯಾಗಿ ಅತ್ತೆ. ನೂರು ಹೆಜ್ಜೆಯೊಳಗೆ ಯಾರೂ ಇರುವ ಹಾಗಿಲ್ಲವಲ್ಲ, ಅಳಲು ಅಂಥ ಜಾಗ ಇನ್ನೊಂದಿಲ್ಲ. ಅಳುವವರಿಗೆ ತುಳಿಯಲಾಗುವುದಿಲ್ಲ. ನನ್ನ ಕಾಲು ಎರಡು ಮೂರು ಸಲ ಸೋತಿತು. ಸೋತಾಗೆಲ್ಲ ಪೆಡಲೇ ಕಾಲನ್ನು ಎತ್ತಿ, ತಿರುಗಿಸಿ, ಕೆಳಗಿಳಿಸಿತು. ಮುಂದಿನವರು ಆಗಲೇ ಕಾಣದಷ್ಟು ದೂರ ಹೋಗಿದ್ದರು. ಅಷ್ಟು ನಿಧಾನಕ್ಕೆ ಆ ಕೆರೆಯನ್ನು ಯಾರೂ ದಾಟಿರಲಾರರು.

ದಡ ಮುಟ್ಟಿ ಸೈಕಲ್ಲನ್ನು ಮೆಟ್ಟಿಲಿಗೆ ಒರಗಿಸಿ ಮುಖ ತೊಳೆಯುತ್ತಿದ್ದಾಗ ಹಿಂದೆ ಇನ್ನೊಂದು ಸೈಕಲ್ಲು ನೀರಿನಿಂದ ಮೇಲೆ ಬಂತು. ಐವತ್ತರ ಹತ್ತಿರದ ಹೆಂಗಸು, ಕಡ್ಡಿಯಂಥ ಮೈ, ಕತ್ತರಿಸಿದ ನರೆಗೂದಲು. ಇಳಿದವಳೇ ಮೆಟ್ಟಿಲ ಮೇಲೆ ಕುಸಿದು ಕೂತು, ತೊಡೆ ಹಿಸುಕಿಕೊಳ್ಳುತ್ತ ಏದುಸಿರು ಬಿಟ್ಟಳು.

"ಏನ್ರೀ, ಇವತ್ತು ನನ್ನ ಜೀವ ತೆಗೆದುಬಿಟ್ರಲ್ಲ," ಎಂದಳು.

"ನಾನಾ?"

"ಇನ್ಯಾರು? ನಿಮ್ಮ ಹಿಂದೆ ಬರೋಳು ನಾನೇ. ಎಂಟು ತಿಂಗಳಾಯ್ತು. ನೀವು ಆಮೆ ಥರ ಹೋಗ್ತಿದ್ರೆ ನಾನೇನು ಮಾಡ್ಲಿ? ಹತ್ರ ಬರೋ ಹಾಗಿಲ್ಲ, ನಿಲ್ಲೋ ಹಾಗಿಲ್ಲ. ಸುತ್ತು ಹಾಕಿದೆ. ನೀವು ಒಂದಿಷ್ಟು ಮುಂದೆ ಹೋಗೋದು, ನಾನೊಂದು ಸುತ್ತು ಹಾಕೋದು."

"ಪಕ್ಕಕ್ಕೆ ದೂರ ಹಿಡಿದು ಮುಂದೆ ಹೋಗಬಹುದಿತ್ತಲ್ಲ. ಉಳಿದವರೆಲ್ಲ ಹಾಗೇ ಹೋದರು."

"ಹೋಗಬಹುದಿತ್ತು," ಎಂದಳು. ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಿಮ್ಮ ಬೆನ್ನು ನನಗೆ ಚೆನ್ನಾಗಿ ಗೊತ್ತು. ಇವತ್ತು ಅದು ಬೇರೆ ಥರ ಅಲ್ಲಾಡ್ತಿತ್ತು. ಮುಂದೆ ಹೋಗೋಕೆ ಮನಸ್ಸು ಬರಲಿಲ್ಲ."

"ಎಷ್ಟು ಸುತ್ತು ಹಾಕಿದ್ರಿ?" ಎಂದು ಕೇಳಿದೆ.

"ಇಪ್ಪತ್ತಾದ ಮೇಲೆ ಎಣಿಸಲಿಲ್ಲ," ಎಂದು ಕೈ ಚಾಚಿದಳು. ನಾನು ಹಿಡಿದು ಎಬ್ಬಿಸಿದೆ. ಒಂದು ಕೈಯಲ್ಲಿ ನನ್ನ ಸೈಕಲ್ಲು, ಇನ್ನೊಂದರಲ್ಲಿ ಅವಳದು ತಳ್ಳಿಕೊಂಡು, ಅವಳು ನನ್ನ ಭುಜ ಹಿಡಿದಿರಲು, ನಾವು ನಿಧಾನವಾಗಿ ಬೀದಿಯ ಏರು ಹತ್ತಿದೆವು.